ಶುಕ್ರವಾರ ಕುದಿಸಿದ ಫಿಲ್ಟರು

ಕೋಲಾರದ ನಮ್ಮ ಲಾರಿ ಶೋರೂಮಿನಲ್ಲಿ ಹೊಸ ಗಾಡಿಯ ಕೀ ಕೊಡುವ ಮೊದಲು ನಾನು ಮಾಲೀಕರಿಗೆ ಒಂದು ಹಾಳೆಯನ್ನು ಓದಿ ಹೇಳಬೇಕು. ಏನು ಮಾಡಬೇಕು, ಏನು ಮಾಡಬಾರದು ಎಂಬ ಪಟ್ಟಿ ಅದು. ಅದರ ಏಳನೆಯ ಸಾಲಿಗೆ ಬಂದಾಗ ನಗದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. "ಏರ್ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ಕುದಿಸಬಾರದು." ಮುಳಬಾಗಿಲಿನವರಾಗಲಿ, ಶ್ರೀನಿವಾಸಪುರದವರಾಗಲಿ, ಹಾರ ಹಾಕಿದ ಗಾಡಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಫಿಲ್ಟರ್‌ನ ಯಾರು ಸಾರ್ ಕುದುಸ್ತಾರೆ? ಅದೇನು ಬೇಳೇನಾ?" ಎಂದು ಕೇಳುತ್ತಾರೆ. ನಾನೂ ನಕ್ಕು ಎಂಟನೆಯ ಸಾಲಿಗೆ ಹೋಗುತ್ತೇನೆ.

ಕುದಿಸಿದವರು ಒಬ್ಬರಿದ್ದರು. ಹೋದ ತಿಂಗಳು ತೀರಿಕೊಂಡರು. ತಾವು ನರ್ಸಾಗಿ ಕೆಲಸ ಮಾಡಿದ ಮಾಲೂರಿನ ಆಸ್ಪತ್ರೆಯಲ್ಲೇ, ಡ್ರಿಪ್ ಹಾಕಲು ಬಂದ ಹೊಸ ನರ್ಸಿಗೆ "ಅಂಗಲ್ಲಮ್ಮಾ, ಕೈ ಸಡ್ಲ ಬಿಟ್ಟು ಚುಚ್ಚು" ಎಂದು ಪಾಠ ಹೇಳಿಕೊಟ್ಟು ಹೋದರಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಮಾಲೂರಿನಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಎಲ್ಲರಿಗೂ ಅವರು ಸಿಸ್ಟರ್, ಅಷ್ಟೆ. ಅವರನ್ನು ನೆನೆದು ನಾಲ್ಕು ಮಾತು ಬರೆಯೋಣವೆಂದು ಕೂತರೆ ಕಣ್ಣೀರಿಗಿಂತ ಮೊದಲು ನಗು ಬರುತ್ತದೆ. ನನ್ನಿಂದ ಅದನ್ನು ತಡೆಯಲು ಆಗುವುದಿಲ್ಲ, ತಡೆಯುವುದೂ ಇಲ್ಲ.

ಎತ್ತರ ಐದಡಿಗೆ ಸ್ವಲ್ಪ ಕಡಿಮೆ. ನಿವೃತ್ತಿಯಾದ ಮೇಲೂ ಬಿಳಿ ಸೀರೆಯನ್ನು ಬಿಟ್ಟಿರಲಿಲ್ಲ. ಗಡಿಯಾರದ ಮುಖ ಮಣಿಕಟ್ಟಿನ ಒಳಗಡೆಗೆ. ಯಾರಾದರೂ ಕೈ ಕುಲುಕಲು ಹೋದರೆ ಹಿಡಿದ ಕೈ ಬಿಡದೆ, ಗಡಿಯಾರ ನೋಡುತ್ತಾ ನಾಡಿ ಎಣಿಸಿಬಿಡುತ್ತಿದ್ದರು. "ಕಾಫಿ ಜಾಸ್ತಿ ಆಗೈತೆ, ಕಮ್ಮಿ ಮಾಡು" ಎಂದು ಹೇಳಿದ ಮೇಲೆಯೇ ನಮಸ್ಕಾರ.

ಅವರು ಮೊದಲ ಸಲ ಶೋರೂಮಿಗೆ ಬಂದ ದಿನ ನಾನು ಹೊಸದಾಗಿ ಟೈ ಕಟ್ಟಲು ಕಲಿತಿದ್ದೆ. "ಬನ್ನಿ ಮೇಡಂ, ಯಾರ ಗಾಡಿ ಸರ್ವೀಸಿಗೆ ಬಂದಿದೆ?" ಎಂದೆ. ಅವರು ನನ್ನ ಮುಖವನ್ನು ನೋಡಿ, "ಯಾವೂರೋ ನಿಂದು?" ಎಂದರು. ಹುತ್ತೂರು ಎಂದೆ. "ಎಡಗೈ ತೋಳು ಏರ್ಸು." ಯಾಕೆ ಎಂದು ಕೇಳುವ ಧೈರ್ಯ ಆ ದನಿಯ ಮುಂದೆ ಯಾರಿಗೂ ಬರುವುದಿಲ್ಲ. ಇಡೀ ಶೋರೂಮು ನೋಡುತ್ತಿರುವಾಗ ಶರ್ಟಿನ ತೋಳು ಏರಿಸಿದೆ. ಹಳೆಯ ಲಸಿಕೆಯ ಗುರುತಿನ ಮೇಲೆ ಬೆರಳಿಟ್ಟು, "ನಂದೇ ಕೈ. ಮಾಲೂರಿಗೆ ಮುಂಚೆ ಹುತ್ತೂರು ಆಸ್ಪತ್ರೇಲಿದ್ದೆ. ಅವತ್ತು ನನ್ ಸೀರೆ ಒದ್ದೆ ಮಾಡ್ದೋನು ಇವತ್ತು ಟೈ ಕಟ್ಕೊಂಡು ನಿಂತವ್ನೆ!" ಎಂದರು. ಟೀ ತಂದವನೂ ನಕ್ಕ. ಸರ್ವೀಸಿಗೆ ಬಂದಿರಲಿಲ್ಲ ಅವರು. ಲಾರಿ ಕೊಳ್ಳಲು ಬಂದಿದ್ದರು.

ಊರು ಟೇಕಲ್. ಚಿಕ್ಕವರಿದ್ದಾಗ ಮಾಲೂರಿನ ಶಾಲೆಗೆ ಇಟ್ಟಿಗೆ ಲಾರಿ ಹತ್ತಿ ಹೋಗುತ್ತಿದ್ದರಂತೆ. ಡ್ರೈವರು ಹುಡುಗರನ್ನು ಮುಂದೆ ತನ್ನ ಪಕ್ಕ ಕೂರಿಸಿಕೊಂಡು ಹುಡುಗಿಯರನ್ನು ಹಿಂದೆ ಇಟ್ಟಿಗೆಯ ಮೇಲೆ ಹತ್ತಿಸುತ್ತಿದ್ದನಂತೆ. ಶಾಲೆ ಸೇರುವ ಹೊತ್ತಿಗೆ ಲಂಗವೆಲ್ಲ ಕೆಂಪು. "ಒಂದಿನ ಮುಂದೆ ಕೂತ್ಕೋತೀನಿ, ಅದೂ ನನ್ ಲಾರೀಲಿ" ಎಂದು ಅಂದೇ ತೀರ್ಮಾನಿಸಿದ್ದರು. ನಿವೃತ್ತಿಯ ದುಡ್ಡು ಬಂದಾಗ ನೆಂಟರು ಸೈಟು ಎಂದರು, ಬಂಗಾರ ಎಂದರು. ಸಿಸ್ಟರ್ ಲಾರಿ ಎಂದರು. ಡ್ರೈವರ್ ಆಗಿ ಮುಳಬಾಗಿಲಿನ ಭಾಯ್ ಒಬ್ಬರನ್ನು ಗೊತ್ತುಮಾಡಿದರು. ಅವರ ಮೂರೂ ಮಕ್ಕಳ ಹೆರಿಗೆ ಮಾಡಿಸಿದ್ದು ಸಿಸ್ಟರೇ. ಭಾಯ್ ಅವರನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದು ಕರೆಯುತ್ತಿದ್ದರು, ದೆವ್ವಕ್ಕೆ ಹೆದರಿದಂತೆ ಹೆದರುತ್ತಿದ್ದರು.

ಗಾಡಿ ಕೊಟ್ಟ ದಿನವನ್ನು ನನ್ನ ಜನ್ಮದಲ್ಲಿ ಮರೆಯುವ ಹಾಗಿಲ್ಲ. ಆಗ ಓದಿ ಹೇಳುವ ಹಾಳೆ ಇರಲಿಲ್ಲ. ಇಂಗ್ಲಿಷಿನ ದಪ್ಪ ಪುಸ್ತಕವೊಂದನ್ನು ಪ್ಲಾಸ್ಟಿಕ್ ಬಿಚ್ಚದೆ ಗಾಡಿಯ ಖಾನೆಯಲ್ಲಿ ಇಡುತ್ತಿದ್ದೆವು. ಮಿಕ್ಕಿದ್ದನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ. ನನ್ನ ಬಾಯಿಗೋ ಬೀಗವಿಲ್ಲ. ಬಂದವರನ್ನು ನಗಿಸುವವನು ಎಂದು ಶೋರೂಮಿನಲ್ಲಿ ನನಗೆ ಹೆಸರಿತ್ತು, ಅದರ ಜಂಬವೂ ಇತ್ತು.

"ಏರ್ ಫಿಲ್ಟರ್ ಅಂದ್ರೆ ಗಾಡಿ ಮೂಗು ಸಿಸ್ಟರ್. ಮಾಲೂರಿನ ಇಟ್ಟಿಗೆ ಗೂಡುಗಳ ಧೂಳಲ್ಲಿ ಓಡೋ ಗಾಡಿ ಇದು. ಮೂಗು ಕ್ಲೀನಾಗಿರ್ಬೇಕು. ವಾರಕ್ಕೊಂದ್ಸಲ ನೋಡ್ಕೊಳ್ಳಿ" ಎಂದೆ.

"ಹೆಂಗೆ ಕ್ಲೀನ್ ಮಾಡೋದು?"

ಅದು ಕಾಗದದ ಫಿಲ್ಟರು. ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು, ಕಾಲಕ್ಕೆ ಸರಿಯಾಗಿ ಹೊಸದು ಹಾಕಬೇಕು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಸುತ್ತ ಜನ ನಿಂತಿದ್ದರು, ಕೈಯಲ್ಲಿ ಪೇಡ ಇತ್ತು. "ನಿಮ್ಗೆ ನಾನು ಹೇಳ್ಕೊಡ್ಬೇಕಾ ಸಿಸ್ಟರ್? ಆಗಿನ ಕಾಲದಲ್ಲಿ ಆಸ್ಪತ್ರೇಲಿ ಸಿರಿಂಜು ಕುದ್ಸಿ ಕ್ಲೀನ್ ಮಾಡ್ತಿದ್ರಲ್ಲ, ಹಂಗೇ!" ಎಂದುಬಿಟ್ಟೆ. ಎಲ್ಲರೂ ಘೊಳ್ಳೆಂದು ನಕ್ಕರು. ಸಿಸ್ಟರ್ ನಗಲಿಲ್ಲ. ಕೈಚೀಲದಿಂದ ಉದ್ದನೆಯ ನೋಟ್‌ಬುಕ್ಕು ತೆಗೆದು ಏನೋ ಬರೆದು, ನನ್ನ ಮುಂದೆ ಹಿಡಿದರು.

"ಸೈನ್ ಹಾಕು."

"ಇದ್ಕೂ ಸೈನಾ ಸಿಸ್ಟರ್?"

"ಡಾಕ್ಟ್ರು ಬಾಯಲ್ಲಿ ಹೇಳಿದ್ ಆರ್ಡರ್‌ಗೆ ಸೈನ್ ಇರ್ಬೇಕು. ರೂಲು. ಪಕ್ಕದಲ್ಲಿ ಟೈಮ್ ಹಾಕು."

ಬಾಯಲ್ಲಿ ಪೇಡ ಇಟ್ಟುಕೊಂಡೇ, ಓದದೆ, ದೊಡ್ಡ ಸುರುಳಿ ಎಳೆದು ಸಹಿ ಮಾಡಿದೆ. ಯಾರೋ ಫೋಟೋಗೆ ಕರೆದರು, ಟೈಮ್ ಹಾಕದೆ ಓಡಿದೆ.

ಆಮೇಲಿನ ಐದು ತಿಂಗಳು ಆ ಲಾರಿ ಓಡಿದಷ್ಟು ದೂರವೂ ಅದರ ಕಥೆಗಳು ಓಡಿದವು. ಮಾಲೂರಿನಿಂದ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಇಟ್ಟಿಗೆ, ಬರುವಾಗ ಟೊಮೆಟೊ ಇಲ್ಲವೇ ಮಾವಿನಕಾಯಿ. ಪ್ರತಿ ಟ್ರಿಪ್ಪಿನಲ್ಲೂ ಸಿಸ್ಟರ್ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಅದೇ ನೋಟ್‌ಬುಕ್ಕು, ಅದೇ ಅವರ ಚಾರ್ಟು. ಗಂಟೆಗೊಮ್ಮೆ ಎಂಜಿನ್ನಿನ ಶಾಖ, ಆರ್‌ಪಿಎಂ, ಹೊಗೆಯ ಬಣ್ಣ ಬರೆಯುತ್ತಿದ್ದರು. ಅವರ ಲೆಕ್ಕದಲ್ಲಿ ಅವು ಜ್ವರ, ನಾಡಿ, ಉಸಿರು. ಲೋಡ್ ಮಾಡುವವರು ಇಟ್ಟಿಗೆ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕಿತ್ತು. "ಇಟ್ಟಿಗೇಗೆ ಯಾವ ಕಾಯ್ಲೆ ಬರುತ್ತೆ ಸಿಸ್ಟರ್?" ಎಂದು ಒಬ್ಬ ಕೇಳಿದ್ದಕ್ಕೆ, "ಇಟ್ಟಿಗೇಗಲ್ವೋ, ನಿನಗೆ! ಅದೇ ಕೈಯಲ್ಲಿ ಮುದ್ದೆ ತಿಂತೀಯ" ಎಂದು ಉಗುರು ಕತ್ತರಿಸಿ ಕಳಿಸಿದ್ದರು. ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಕೊಂಬೆ ತಗುಲಿ ಬಾಗಿಲಿನ ಬಣ್ಣ ಗೀರಿದಾಗ, ಅರಿಶಿನ ಸವರಿ ಮೇಲೆ ಪ್ಲಾಸ್ಟರ್ ಅಂಟಿಸಿದರು. ಮೂರು ದಿನ ಬಿಟ್ಟು ಬಿಚ್ಚಿ ನೋಡಿ, "ಮಾಯ್ದಿಲ್ಲ" ಎಂದು ಭಾಯ್‌ಗೆ ಗದರಿದರಂತೆ. ಭಾಯ್ ಇದನ್ನು ನಮ್ಮ ವರ್ಕ್‌ಶಾಪಿಗೆ ಬಂದು ಅಭಿನಯ ಸಮೇತ ಹೇಳಿದಾಗ ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಕೆಳಗಿಟ್ಟು ನೆಲದ ಮೇಲೆ ಕೂತು ನಕ್ಕಿದ್ದರು.

ನಾಲ್ಕನೆಯ ತಿಂಗಳು ನನಗೆ ಫೋನು ಬಂತು.

"ಲೇ, ಪೇಷೆಂಟ್‌ಗೆ ಕೆಮ್ಮು."

"ಹೊಸ ಗಾಡಿ ಅಲ್ವಾ ಸಿಸ್ಟರ್, ಎಂಜಿನ್ ಸೆಟ್ ಆಗ್ತಿದೆ."

ವಾರ ಬಿಟ್ಟು ಇನ್ನೊಂದು. "ಎಣ್ಣೆ ಕುಡೀತೈತೆ ಕಣೋ. ಒಳಕ್ಕೆ ಹೋಗ್ತೈತೆ, ಎಲ್ಲೂ ಸೋರ್ತಿಲ್ಲ. ಇಂಟೇಕ್ ಐತೆ, ಔಟ್‌ಪುಟ್ ಇಲ್ಲ."

"ಸೆಟ್ ಆಗ್ತಿದೆ ಸಿಸ್ಟರ್, ಬಿಡಿ."

ಮೂರನೆಯ ಸಲ ಹೊಗೆ ನೀಲಿ ಬರುತ್ತಿದೆ ಎಂದರು. ಅದಕ್ಕೂ ಅದೇ ಮಾತು ಹೇಳಿ ಫೋನಿಟ್ಟು ಪಕ್ಕದವರಿಗೆ ಅವರ ದನಿಯನ್ನು ಅಣಕಿಸಿ ತೋರಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಐದನೆಯ ತಿಂಗಳು, ದೇವರಾಯಸಮುದ್ರದ ಕೆರೆಯ ಹತ್ತಿರ, ಇಟ್ಟಿಗೆ ತುಂಬಿದ ಲಾರಿ ಕಟಕಟ ಎಂದು ನಿಂತೇಹೋಯಿತು. ಎಳೆದು ತರುವ ಗಾಡಿಯಲ್ಲಿ ನಾನೂ ಹೋದೆ. ಬೆಳಗಿನ ಬಿಸಿಲು. ಭಾಯ್ ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕುತ್ತಿದ್ದರು. ಸಿಸ್ಟರ್ ಗಾಡಿಯ ಮುಂದೆ ನಿಂತು, ಅದರ ಹಣೆಯ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತಿದ್ದರು. "ಹತ್ತೂ ಇಪ್ಪತ್ತಕ್ಕೆ ಹೋಯ್ತು" ಎಂದರು. ಆಮೇಲೆ ಭಾಯ್ ಕಡೆ ತಿರುಗಿ, "ಅಳ್ಬೇಡ, ಹೋಗೋ ಬರೋ ಗಾಡಿಯೋರು ನೋಡ್ತಾರೆ" ಎಂದು ತಮ್ಮ ಕರವಸ್ತ್ರ ಕೊಟ್ಟರು. ಎಳೆದುಕೊಂಡು ಬರುವಾಗಲೂ ಆ ಲಾರಿಯ ಮುಂದಿನ ಸೀಟಿನಲ್ಲೇ ಕೂತು ಬಂದರು.

ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ನನ್ನ ಅಂಗೈಗೆ ಒಂದಿಷ್ಟು ಎಣ್ಣೆ ಸವರಿದ. ತಿಕ್ಕಿದರೆ ಮರಳಿನ ಹಾಗೆ ಗರಗರ. ಮಾಲೂರಿನ ಕೆಂಪು ಧೂಳು ಸಿಲಿಂಡರಿನ ಗೋಡೆ, ಪಿಸ್ಟನ್ನಿನ ರಿಂಗು ಎಲ್ಲವನ್ನೂ ತಿಂದುಹಾಕಿತ್ತು. ಐದು ತಿಂಗಳಿನ ಎಂಜಿನ್ನು ಹದಿನೈದು ವರ್ಷ ಓಡಿದ್ದರ ಹಾಗೆ ಸವೆದಿತ್ತು. ಧೂಳು ಹೇಗೆ ಒಳಗೆ ಹೋಯಿತೆಂದು ಫಿಲ್ಟರ್ ತೆಗೆದು ನೋಡಿದೆವು. ಅದರ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು, ಅಂಟು ಬಿಟ್ಟ ಕಡೆ ಬೆರಳು ತೂರುವಷ್ಟು ಸಂದಾಗಿತ್ತು. ಆಸ್ಪತ್ರೆಯ ವಾಸನೆ ಬೇರೆ.

"ಸಿಸ್ಟರ್, ಇದಕ್ಕೇನು ಮಾಡಿದ್ರಿ?"

"ಪ್ರತಿ ಶುಕ್ರವಾರ ಕುದಿಸ್ದೆ. ಇಪ್ಪತ್ ನಿಮಿಷ. ಆಮೇಲೆ ನೆರಳಲ್ಲಿ ಒಣಗಾಕ್ತಿದ್ದೆ. ನೀನೇ ಹೇಳಿದ್ದಲ್ವಾ?"

ದೂರುವ ದನಿಯಲ್ಲಿ ಹೇಳಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದರು. ಸಿರಿಂಜಿನಂತೆ ಶುಚಿ ಮಾಡುವುದು ಎಂದು ದುಂಡಾದ ಅಕ್ಷರ, ಪಕ್ಕದಲ್ಲಿ ಪೇಡದ ಜಿಡ್ಡು ಅಂಟಿದ ನನ್ನ ಸುರುಳಿ ಸಹಿ. ಅದರ ಕೆಳಗೂ ಏನೋ ಬರೆದಿತ್ತು, ಓದುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಿತ್ತಲಿನ ಒಲೆಯ ಮೇಲೆ ಹಂಡೆ, ಹಂಡೆಯಲ್ಲಿ ಕೊತಕೊತ ಕುದಿಯುವ ಲಾರಿಯ ಮೂಗು, ಸಂಜೆ ತಂತಿಯ ಮೇಲೆ ಎರಡು ಬಿಳಿ ಸೀರೆಗಳ ನಡುವೆ ಕ್ಲಿಪ್ಪು ಹಾಕಿ ನೇತುಬಿಟ್ಟ ಫಿಲ್ಟರು, ಇಷ್ಟೂ ಒಟ್ಟಿಗೆ ಕಣ್ಣಿಗೆ ಕಟ್ಟಿತು. ನಗು ನುಗ್ಗಿ ಬಂತು, ಅದರ ಬೆನ್ನಿಗೇ ನನ್ನ ಕೆಲಸದ ನೆನಪೂ ಬಂತು.

ವಿಷಯ ಇಷ್ಟೇ. ಬೆಂಗಳೂರಿನಿಂದ ಕಂಪನಿಯ ಎಂಜಿನಿಯರ್ ಬಂದು ನೋಡಬೇಕು. ಗಾಡಿಯ ದೋಷವೆಂದರೆ ವಾರಂಟಿಯಲ್ಲಿ ಹೊಸ ಎಂಜಿನ್. ಮಾಲೀಕರ ತಪ್ಪು ಎಂದರೆ ಏನೂ ಇಲ್ಲ. ಆಗ ಸಿಸ್ಟರ್ ಆ ಲಾರಿಯನ್ನು ಗುಜರಿಗೆ ಕೊಟ್ಟು ಮತ್ತೆ ಎಂದೂ ಮುಂದಿನ ಸೀಟು ಹತ್ತುವ ಹಾಗಿಲ್ಲ. ನಮ್ಮವನೇ ತಪ್ಪು ಹೇಳಿಕೊಟ್ಟ ಎಂದು ಗೊತ್ತಾದರೆ ಅವರಿಗೆ ಎಂಜಿನ್ ಸಿಗಬಹುದು, ನನ್ನ ಕೆಲಸ ಹೋಗುತ್ತದೆ. ನನಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಭಾವೀ ಮಾವ ಊರಿನಲ್ಲೆಲ್ಲ ಶೋರೂಮಿನ ಅಳಿಯ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅದನ್ನೆಲ್ಲ ಸಿಸ್ಟರಿಗೆ ಹೇಳಿಕೊಂಡೆ, ಅವರಿಂದ ಏನು ಬೇಕೆಂದು ಹೇಳಿಕೊಂಡೆನೋ ನನಗೇ ಗೊತ್ತಿರಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದು ಎಣಿಸಿದರು. "ನೂರಾ ಹತ್ತು. ನೀರು ಕುಡ್ದು ಕೂತ್ಕೋ" ಎಂದರು.

ಬಂದ ಎಂಜಿನಿಯರ್ ಮೈಸೂರು ಕಡೆಯವರು, ನಗದ ಮುಖ, ಕೈಯಲ್ಲಿ ಟ್ಯಾಬ್. ಸಿಸ್ಟರ್, ಭಾಯ್, ನಾನು ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತೆವು. ಸಿಸ್ಟರ್ ತೊಡೆಯ ಮೇಲೆ ನೋಟ್‌ಬುಕ್ಕು, ಮೊದಲ ಪುಟದೊಳಗೆ ಹೆಬ್ಬೆರಳು.

"ಫಿಲ್ಟರ್ ಕುದಿಸಿದ್ದು ಯಾರು?"

"ನಾನು."

"ಹಾಗೆ ಮಾಡೋಕೆ ಯಾರಾದ್ರೂ ಹೇಳಿದ್ರಾ?"

"ಯಾರೂ ಹೇಳಿಲ್ಲ. ನನ್ ಬುದ್ಧಿ" ಎಂದರು ಸಿಸ್ಟರ್.

ಆ ಹೆಬ್ಬೆರಳು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನನ್ನ ಸಹಿಯ ಮೇಲೆ. ಒತ್ತಿ ಒತ್ತಿ ಉಗುರು ಬಿಳುಚಿಕೊಂಡಿತ್ತು. ಕುದಿಸಿದ ನಿಮಿಷವನ್ನೂ ಬಿಡದೆ ಬರೆದಿಟ್ಟ ಹೆಂಗಸು, ಟೈ ಕಟ್ಟಿದ ಒಬ್ಬ ಬಾಯಿಬಡುಕನಿಗಾಗಿ ಸುಳ್ಳು ಹೇಳುತ್ತಿದ್ದರು.

"ನಾನ್ ಸಾರ್! ನಾನೇ ಹೇಳಿದ್ದು!" ಎಂದು ಕಿರುಚಿದೆ. ದನಿ ಎಷ್ಟು ಮೇಲಕ್ಕೆ ಹೋಯಿತೆಂದರೆ ಕ್ಯಾಷಿಯರ್ ಗಾಜಿನಾಚೆಯಿಂದ ಎದ್ದು ನಿಂತರು. "ಪುಸ್ತಕದಲ್ಲಿ ನನ್ ಸೈನ್ ಇದೆ, ನೋಡಿ!"

"ಸುಮ್ನಿರು ಲೇ!" ಎಂದು ಸಿಸ್ಟರ್ ಗದರಿದರು. "ಸಾರ್, ಅವನ ಮಾತು ಕೇಳ್ಬೇಡಿ. ಸೈನ್ ಕೆಳಗೆ ನಾನೇನು ಬರ್ದಿದೀನಿ ಕೇಳಿ." ಪುಸ್ತಕ ತೆರೆದು, ಕನ್ನಡಕ ಏರಿಸಿ, ನಾನು ಅಂದು ಓದದೇ ಬಿಟ್ಟ ಸಾಲನ್ನು ಗಟ್ಟಿಯಾಗಿ ಓದಿದರು. "ಹುಡುಗ ತಮಾಷೆಗೆ ಹೇಳಿದಂತಿದೆ. ಆದರೂ ಕುದಿಸುವುದೇ ಸರಿ ಎಂದು ನನ್ನ ಅಭಿಪ್ರಾಯ."

ಅವರಿಗೆ ಮೊದಲ ದಿನವೇ ಗೊತ್ತಿತ್ತು! ನನ್ನ ಜೋಕು ಜೋಕೆಂದು ತಿಳಿದೇ, ತಮ್ಮ ಸ್ವಂತ ನಂಬಿಕೆಯಿಂದ ಕುದಿಸಿದ್ದರು. ನನ್ನನ್ನು ಉಳಿಸಲು ಆ ಸಾಲನ್ನು ಓದಿ ತಮ್ಮ ಎಂಜಿನ್ನನ್ನು ತಾವೇ ಮುಳುಗಿಸಿಕೊಂಡರು.

"ಆದ್ರೂ ನಾನು ಹೇಳ್ಬಾರ್ದಿತ್ತು ಸಾರ್, ತಪ್ಪು ನಂದು!"

"ಅವನಿಗಿನ್ನೂ ಮೀಸೆ ಸರ್ಯಾಗಿ ಬಂದಿಲ್ಲ, ತಪ್ಪು ನಂದು!"

ಅಷ್ಟರಲ್ಲಿ ಭಾಯ್ ಎದ್ದು ನಿಂತು ಎದೆ ತಟ್ಟಿಕೊಂಡರು. "ನೈ ಸಾಬ್! ಒಲೆಗೆ ಬೆಂಕಿ ಹಾಕಿದ್ದು ನಾನು. ಆಪಾ ಮೇಲೆ ಗುಸ್ಸಾ ನಕ್ಕೋ, ಸಿಟ್ಟು ಮಾಡ್ಬೇಡಿ. ಅವರು ಇಪ್ಪತ್ ನಿಮಿಷ ಅಂದ್ರು, ನಾನು ಚೆನ್ನಾಗಾಗ್ಲಿ ಅಂತ ಅರ್ಧ ಗಂಟೆ ಕುದಿಸ್ದೆ!"

ಸಿಸ್ಟರ್ ತಟಕ್ಕನೆ ಅವರ ಕಡೆ ತಿರುಗಿದರು. "ಅರ್ಧ ಗಂಟೇನಾ? ಚಾರ್ಟಲ್ಲಿ ಇಪ್ಪತ್ತು ಅಂತ ಬರ್ದಿದೀನಲ್ಲೋ! ಐದು ತಿಂಗಳ ರೆಕಾರ್ಡ್ ಎಲ್ಲಾ ತಪ್ಪಾಯ್ತಲ್ಲೋ!" ಎಂದು ಪೆನ್ನು ತೆಗೆದು ಅಲ್ಲಿಯೇ ತಿದ್ದಲು ಶುರುಮಾಡಿದರು. ಭಾಯ್ ಕಿವಿ ಹಿಡಿದುಕೊಂಡರು. ನಾನು ಇನ್ನೂ ನಂದು ನಂದು ಎನ್ನುತ್ತಲೇ ಇದ್ದೆ.

ಎಂಜಿನಿಯರ್ ಟ್ಯಾಬನ್ನು ಮೇಜಿನ ಮೇಲಿಟ್ಟರು. "ಇಷ್ಟು ವರ್ಷದಲ್ಲಿ ಎಲ್ಲ ಕಡೆ 'ನಂದಲ್ಲ, ನಂದಲ್ಲ' ಅನ್ನೋರನ್ನೇ ನೋಡಿದೀನಿ. ಒಂದ್ನಿಮಿಷ ಸುಮ್ನಿರ್ತೀರಾ?" ಎಂದು ಪುಸ್ತಕ ಕೇಳಿ ತೆಗೆದುಕೊಂಡರು. ಮೊದಲ ಪುಟದಿಂದ ಓದಲು ಶುರುಮಾಡಿದವರು ಪ್ಲಾಸ್ಟರಿನ ಪ್ರಕರಣ ಬರುವ ಹೊತ್ತಿಗೆ ಬಾಯಿಗೆ ಕರವಸ್ತ್ರ ಇಟ್ಟುಕೊಂಡಿದ್ದರು. ಆಮೇಲೆ ಗಂಭೀರರಾದರು. ಎಣ್ಣೆ ಎಷ್ಟು ಹಾಕಿದರು, ಯಾವ ದಿನ ಕೆಮ್ಮು ಶುರುವಾಯಿತು, ಯಾವ ದಿನ ನನಗೆ ಫೋನು ಮಾಡಿದರು, ನಾನು ಏನೆಂದೆ, ಎಲ್ಲ ಅಲ್ಲಿತ್ತು. ಮೂರು ಕಡೆ "ಸೆಟ್ ಆಗುತ್ತಿದೆ ಎಂದ" ಎಂದು ಬರೆದಿತ್ತು. ಅವರು ಗಾಡಿಯ ಖಾನೆಯಿಂದ ಪ್ಲಾಸ್ಟಿಕ್ ಬಿಚ್ಚದ ಆ ದಪ್ಪ ಪುಸ್ತಕ ತರಿಸಿ, "ಕನ್ನಡದ್ದು ಎಲ್ಲಿ?" ಎಂದು ಕೇಳಿದರು. ಕನ್ನಡದ್ದು ಇರಲಿಲ್ಲ.

ಹೋಗುವಾಗ ಎಂಜಿನಿಯರ್ ಸಿಸ್ಟರಿಗೆ ಕೈ ಮುಗಿದರು. ಸಿಸ್ಟರ್ ಆ ಕೈ ಹಿಡಿದು ನಾಡಿ ನೋಡಿ ಕಳಿಸಿದರು. ಮೂರು ವಾರದ ನಂತರ ವರದಿ ಬಂತು. ಮಾಲೀಕರಿಗೆ ಅವರ ಭಾಷೆಯಲ್ಲಿ ಸೂಚನೆ ಕೊಟ್ಟಿಲ್ಲ, ತೊಂದರೆಯನ್ನು ಅವರು ಸಕಾಲಕ್ಕೆ ಮೂರು ಸಲ ತಿಳಿಸಿದ್ದಾರೆ, ಆದ್ದರಿಂದ ವಿಶೇಷ ಪ್ರಕರಣವಾಗಿ ಹೊಸ ಎಂಜಿನ್ ಕೊಡಬಹುದು ಎಂದಿತ್ತು. ನಾನು ವರದಿಯನ್ನು ಹಿಡಿದು ಬೈಕಿನಲ್ಲಿ ಕೋಲಾರದಿಂದ ಟೇಕಲ್‌ವರೆಗೆ ಹಾಡಿಕೊಂಡೇ ಹೋದೆ.

ನನ್ನ ಕೆಲಸ ಹೋಗಲಿಲ್ಲ. ಮ್ಯಾನೇಜರು ಶಿಕ್ಷೆ ಕೊಟ್ಟರು, ಹೊಸ ಗಾಡಿ ಕೊಡುವಾಗ ನಾನು ಸ್ವಂತದ್ದೊಂದು ಮಾತೂ ಆಡಕೂಡದು. ಕನ್ನಡದಲ್ಲಿ ಹಾಳೆ ಬರೆದು, ಅದನ್ನಷ್ಟೇ ಓದಬೇಕು. ಬರೆದು ಸಿಸ್ಟರಿಗೆ ತೋರಿಸಿದೆ. ತೊಳೆಯಬಾರದು ಎಂದು ಬರೆದಿದ್ದೆ. "ಕುದಿಸಬಾರದು ಅಂತ್ಲೂ ಹಾಕು" ಎಂದರು. "ಅದು ಬೇಡ ಸಿಸ್ಟರ್, ಜನ ನಗ್ತಾರೆ" ಎಂದೆ. "ನಗ್ಲಿ ಬಿಡು. ನಗ್ತಾ ಕೇಳಿದ್ದು ನೆನಪಿರುತ್ತೆ" ಎಂದರು. ನನ್ನ ಮದುವೆಗೆ ಆ ಲಾರಿಯಲ್ಲೇ ಬಂದರು, ಮುಂದಿನ ಸೀಟಿನಲ್ಲಿ ಕೂತು. ಮಾವನವರ ನಾಡಿ ನೋಡಿ ಮೈಸೂರುಪಾಕು ಬೇಡವೆಂದರು.

ಮೊನ್ನೆ ಭಾಯ್ ಶೋರೂಮಿಗೆ ಬಂದಿದ್ದರು. ಲಾರಿ ಈಗ ಅವರದು. ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು ಇತ್ತು. "ಆಪಾ ನಿಮಗೆ ಕೊಡು ಅಂದ್ರು ಸಾರ್" ಎಂದು ಕೊನೆಯ ಪುಟ ತೆರೆದು ಪೆನ್ನು ಚಾಚಿದರು. ಅದೇ ದುಂಡಾದ ಅಕ್ಷರ, ಸ್ವಲ್ಪ ನಡುಗಿತ್ತು. "ಫಿಲ್ಟರ್ ಹೊಸದು ಹಾಕಿದೆ. ಕುದಿಸಿಲ್ಲ. ಲಾರಿ ಭಾಯ್‌ಗೆ. ಪುಸ್ತಕ ಹುತ್ತೂರಿನ ಹುಡುಗನಿಗೆ. ಓದಿ ಸಹಿ ಹಾಕಲಿ."

"ಸ್ವಲ್ಪ ಕೂತ್ಕೊಳ್ಳಿ ಭಾಯ್" ಎಂದೆ. ಮೊದಲ ಪುಟದಿಂದ ಶುರುಮಾಡಿ, ಶುಕ್ರವಾರಗಳನ್ನೂ ಕೆಮ್ಮನ್ನೂ ದೇವರಾಯಸಮುದ್ರದ ಹತ್ತೂ ಇಪ್ಪತ್ತನ್ನೂ ದಾಟಿ, ಒಂದು ಸಾಲೂ ಬಿಡದೆ ಓದಿದೆ. ನಡುವೆ ನಾಲ್ಕು ಸಲ ಜೋರಾಗಿ ನಕ್ಕೆ, ಒಂದು ಸಲ ಎದ್ದು ಹೋಗಿ ಮುಖ ತೊಳೆದು ಬಂದೆ. ಭಾಯ್ ಎರಡು ಟೀ ಕುಡಿದರು. ಆಮೇಲೆ ಸಹಿ ಹಾಕಿದೆ. ಗಡಿಯಾರ ನೋಡಿ, ಪಕ್ಕದಲ್ಲಿ ಟೈಮ್ ಬರೆದೆ.